ಮೈನಾರಿಟಿ ಸ್ಕಾಲರ್‌ಶಿಪ್ ತಗೊಳ್ಳಲಾ ಎಂದು ಕೇಳಿದವಳಿಗೆ

ತಂಗಿ,

ನಿನ್ನ ಪತ್ರ ಬಂತು. ಅಂಕಲ್ ಎಂದು ಶುರು ಮಾಡಿದ್ದೀಯ. ಕಾಕಾ ಅಂದರೂ ನಡೆಯುತ್ತದೆ, ನಮ್ಮ ಗುಳೇದಗುಡ್ಡದ ಕಡೆ ಹಾಗೇ. ನಾಲ್ಕು ವಿಷಯ ಕೇಳಿದ್ದೀಯ: ಕಾರು, ಪಾರ್ಟ್‌ಟೈಮ್ ಕೆಲಸ, ಒಂಟಿತನ, ಸ್ಕಾಲರ್‌ಶಿಪ್. ಮೂರಕ್ಕೆ ನನ್ನ ಹತ್ತಿರ ದೊಡ್ಡ ಉತ್ತರವೇನೂ ಇಲ್ಲ.

ಕಾರು ಬೇಕೇ ಬೇಕು. ಡೆಟ್ರಾಯಿಟ್ ಸುತ್ತಲಿನ ಊರುಗಳಿಗೆ ಬಸ್ಸು ಇದೆ, ಆದರೆ ಜನವರಿಯಲ್ಲೊಮ್ಮೆ ಅದರ ಸ್ಟಾಪಿನಲ್ಲಿ ನಿಂತು ಬಾ, ಆಮೇಲೆ ಮಾತಾಡೋಣ. ನಿಮ್ಮ ಸೋದರಮಾವ ಹಳೆ ಕಾರು ಕೊಡ್ತೀನಿ ಅಂದಿದ್ದಾರಲ್ಲ, ಸಂಕೋಚ ಬಿಟ್ಟು ತಗೋ. ಇನ್ಶೂರೆನ್ಸ್ ಎಷ್ಟು ಬೀಳುತ್ತದೆ ಎಂದು ಮೊದಲೇ ವಿಚಾರಿಸು, ಮಿಷಿಗನ್ನಿನಲ್ಲಿ ಅದು ದುಬಾರಿ. ಪಾರ್ಟ್‌ಟೈಮ್ ಕೆಲಸ ಮಾಡಬಹುದು. ಸ್ಟೂಡೆಂಟ್ ವೀಸಾದ ಮೇಲೆ ಬಂದ ನಮಗೆ ಕ್ಯಾಂಪಸ್ಸಿನೊಳಗೇ, ವಾರಕ್ಕೆ 20 ಗಂಟೆ ಮಾತ್ರ ಎಂಬ ಕಟ್ಟು ಇತ್ತು. ನೀನು ಗ್ರೀನ್ ಕಾರ್ಡ್ ಹಿಡಿದೇ ಇಳಿದವಳು, ನಿನಗೆ ಅದಿಲ್ಲ. ಆದರೂ ಮೊದಲ ಸೆಮಿಸ್ಟರ್ ಮುಗಿಯಲಿ. ಇನ್ನು ಬೇಜಾರು, ಒಂಟಿತನ ಅಂದಿದ್ದೀಯ. ಅದಕ್ಕೆ ಮದ್ದು ಗೊತ್ತಿದ್ದರೆ ನಾನೇ ಮೊದಲು ಕುಡಿಯುತ್ತಿದ್ದೆ. ಸಂಜೆ ಐದಕ್ಕೇ ಕತ್ತಲಾಗುವ ತಿಂಗಳುಗಳಲ್ಲಿ ಮನೆಯ ದೀಪ ಎಲ್ಲ ಹಾಕಿಡು, ಕರೆಂಟು ಬಿಲ್ಲು ಬಂದರೆ ಬರಲಿ.

ನಾಲ್ಕನೆಯದಕ್ಕೆ ಬರುತ್ತೇನೆ. ಬರೆಯಬೇಕು ಅನ್ನಿಸಿದ್ದು ಅದಕ್ಕೇ.

ಒಂದು ಖಾಸಗಿ ಟ್ರಸ್ಟು ನಿನಗೆ ವರ್ಷಕ್ಕೆ 4,000 ಡಾಲರಿನಂತೆ ಎರಡು ವರ್ಷ ಸ್ಕಾಲರ್‌ಶಿಪ್ ಕೊಡಲು ಒಪ್ಪಿದೆ. ಅದು ಮೈನಾರಿಟಿ ವಿದ್ಯಾರ್ಥಿಗಳಿಗೆ ಮೀಸಲು: ಕಪ್ಪು ಅಮೆರಿಕನ್ನರು, ಹಿಸ್ಪ್ಯಾನಿಕ್ ಜನ, ಇಲ್ಲಿನ ಮೂಲನಿವಾಸಿಗಳು, ಏಷ್ಯಾದವರು. ನೀನು ಏಷ್ಯಾದವಳು. ಒಪ್ಪಿಗೆಪತ್ರಕ್ಕೆ ಸಹಿ ಹಾಕಿ, ಜೊತೆಗೆ "ಅಲ್ಪಸಂಖ್ಯಾತಳಾಗಿರುವುದು ನನ್ನನ್ನು ಹೇಗೆ ರೂಪಿಸಿತು" ಎಂಬ ಒಂದು ಪುಟದ ಪ್ರಬಂಧ ಬರೆದು ಕಳಿಸಬೇಕು. ಅಪ್ಪ "ಸುಮ್ನೆ ಬರೋ ದುಡ್ಡು, ಸೈನ್ ಮಾಡು" ಅಂತಾರೆ. ಅಮ್ಮ "ತಗೋ, ಆದ್ರೆ ಯಾರಿಗೂ ಹೇಳ್ಬೇಡ, ಕೋಟಾದಲ್ಲಿ ಓದ್ತಾಳೆ ಅಂತಾರೆ" ಅಂತಾರೆ. ನಿನಗೆ ಮಾತ್ರ ಅಣ್ಣ ನೆನಪಾಗುತ್ತಾನೆ. ನೀಟ್ ಬರೆದು ಜನರಲ್ ಮೆರಿಟ್ಟಿನಲ್ಲಿ ಸೀಟು ಸಿಗದೆ, ಆಮೇಲೆ 21 ದಾಟಿತೆಂದು ಈ ಗ್ರೀನ್ ಕಾರ್ಡಿನಿಂದಲೂ ಹೊರಗುಳಿದು, ಮೈಸೂರಿನ ಮನೆಯಲ್ಲಿ ಅಜ್ಜಿಯ ಜೊತೆ ಇರುವವನು. "ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ರಿಸರ್ವೇಷನ್ ಬೈಯದೆ ಊಟ ಮುಗಿದದ್ದಿಲ್ಲ ಅಂಕಲ್. ಈಗ ನಾನೇ ಅದನ್ನು ತಗೊಳ್ಳೋದಾ?" ಎಂದು ಬರೆದಿದ್ದೀಯ.

ನಿಮ್ಮ ಮಾವ ನನ್ನ ನಂಬರು ಕೊಡುವಾಗ ನಾನು ಯಾರ ಪೈಕಿ ಎಂದು ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಆ ಸಾಲನ್ನು ನೀನು ಇಷ್ಟು ಸಲೀಸಾಗಿ ಬರೆಯುತ್ತಿರಲಿಲ್ಲವೇನೋ. ನಾವು ನೇಕಾರರು. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 2ಎ. ನಮ್ಮಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ಖಣ ನೇಯುತ್ತಿದ್ದರು. 1995ರ ಸಿಇಟಿಯಲ್ಲಿ ನಾನು ಇಂಜಿನಿಯರಿಂಗ್ ಸೀಟು ಹಿಡಿದದ್ದು 2ಎಗೆ ಮೀಸಲಿದ್ದ ಆ ನೂರಕ್ಕೆ 15ರಲ್ಲಿ. ಜಾತಿ-ಆದಾಯ ಸರ್ಟಿಫಿಕೇಟಿಗೆಂದು ಅಪ್ಪ ತಹಶೀಲ್ದಾರ್ ಕಚೇರಿಗೆ ಅಲೆದದ್ದು, ಅಲ್ಲಿನ ಗುಮಾಸ್ತ ಅಪ್ಪನ ಎದುರಿಗೇ ಇನ್ನೊಬ್ಬನಿಗೆ "ಇವರದೇ ಸರ್ಕಾರ" ಅಂದದ್ದು, ಇದನ್ನೆಲ್ಲ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನೀನು ಆ ಕೌಂಟರಿನ ಇನ್ನೊಂದು ಸಾಲಿನಲ್ಲಿ ನಿಂತವರ ಮನೆಯವಳು.

ಸಿಟ್ಟಿನಿಂದ ಬರೆಯುತ್ತಿಲ್ಲ. ಪ್ರಶ್ನೆ ಕೇಳಿದೆಯಲ್ಲ, ಅದೇ ನನಗೆ ದೊಡ್ಡದು. ನನ್ನ ಜೊತೆ ಬಂದವರಲ್ಲಿ ಯಾರೂ ಕೇಳಲಿಲ್ಲ.

ಮೊದಲು ಕಾನೂನಿನ ಮಾತು ಮುಗಿಸೋಣ, ನಿಮ್ಮಪ್ಪನಿಗೆ ಅದು ಬೇಕಾಗುತ್ತದೆ. 2023ರ ಜೂನ್ 29ರಂದು ಸುಪ್ರೀಂ ಕೋರ್ಟು ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಪ್ರಕರಣಗಳಲ್ಲಿ, ಪ್ರವೇಶ ಕೊಡುವಾಗ ಜನಾಂಗವನ್ನು ಗಣಿಸಕೂಡದು ಎಂದಿತು. ಆ ತೀರ್ಪು ಸೀಟಿನ ಕುರಿತದ್ದು, ಸ್ಕಾಲರ್‌ಶಿಪ್ಪಿನ ಕುರಿತದ್ದಲ್ಲ. ಆದರೂ ಅದಾದ ಮೇಲೆ ಎಷ್ಟೋ ಕಾಲೇಜುಗಳು ತಮ್ಮ ಸ್ಕಾಲರ್‌ಶಿಪ್ಪುಗಳ ಷರತ್ತು ತಿದ್ದಿಕೊಂಡವು. ಅದಕ್ಕೂ ಬಹಳ ಹಿಂದೆ, 1994ರಲ್ಲೇ, ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಕಪ್ಪು ವಿದ್ಯಾರ್ಥಿಗಳಿಗೆಂದು ಇಟ್ಟಿದ್ದ ಸ್ಕಾಲರ್‌ಶಿಪ್ಪನ್ನು ಮೇಲ್ಮನವಿ ನ್ಯಾಯಾಲಯ ಹೊಡೆದುಹಾಕಿತ್ತು. ನಮ್ಮ ಮಿಷಿಗನ್ನಿನಲ್ಲಂತೂ 2006ರ ನವೆಂಬರಿನಲ್ಲಿ ಜನಮತಕ್ಕೆ ಹಾಕಿ, ಸರ್ಕಾರಿ ಕಾಲೇಜುಗಳು ಜನಾಂಗ ನೋಡಿ ಆದ್ಯತೆ ಕೊಡುವುದನ್ನೇ ಸಂವಿಧಾನದಲ್ಲಿ ನಿಷೇಧಿಸಿದರು. ನಿನ್ನದು ಖಾಸಗಿ ಟ್ರಸ್ಟು, ಅದಕ್ಕೆ ಇದು ತಾಗುವುದಿಲ್ಲ. ಹಾಗೆಂದು ಖಾಸಗಿಯವರು ನಿಶ್ಚಿಂತೆಯಿಂದ ಇದ್ದಾರೆಂದಲ್ಲ. ಕಪ್ಪು ಹೆಣ್ಣುಮಕ್ಕಳ ಅಂಗಡಿ-ಉದ್ಯಮಗಳಿಗೆ ಅನುದಾನ ಕೊಡುತ್ತಿದ್ದ ಅಟ್ಲಾಂಟಾದ ಫಿಯರ್‌ಲೆಸ್ ಫಂಡಿನ ಮೇಲೆ ಮೊಕದ್ದಮೆ ಬಿದ್ದು, 2024ರಲ್ಲಿ ಅವರು ಆ ಅನುದಾನವನ್ನೇ ನಿಲ್ಲಿಸಬೇಕಾಯಿತು. ಮೊಕದ್ದಮೆ ಹೂಡಿದ್ದು ಯಾವ ಕಾನೂನಿನಡಿ ಗೊತ್ತೇ? ಬಿಡುಗಡೆಯಾದ ಗುಲಾಮರನ್ನು ಕಾಪಾಡಲು 1866ರಲ್ಲಿ ಮಾಡಿದ ಕಾನೂನಿನಡಿ. ಹಾಗಾಗಿ ಈ ವರ್ಷದ ಷರತ್ತು ಮುಂದಿನ ವರ್ಷ ಬದಲಾಗಬಹುದು. ಎರಡನೇ ವರ್ಷದ ಹಣ ಯಾವ ಆಧಾರದ ಮೇಲೆ ಮುಂದುವರಿಯುತ್ತದೆ, ಎಷ್ಟು ಜಿಪಿಎ ಇರಬೇಕು, ಇದನ್ನು ಅವರಿಂದ ಬರಹದಲ್ಲೇ ಪಡೆದು ಇಟ್ಟುಕೋ.

ಇನ್ನೊಂದು. ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿಗೆ ಈ ಹಣದ ವಿಷಯ ತಿಳಿಸಲೇಬೇಕು, ಮುಚ್ಚಿಡುವಂತಿಲ್ಲ. ನೀನು ಫಾಫ್ಸಾ, ಅಂದರೆ ಸರ್ಕಾರಿ ನೆರವಿನ ಅರ್ಜಿ, ತುಂಬಿದ್ದೀಯ, ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಬಂದಿದೆ ಎಂದು ಬರೆದಿದ್ದೀಯ. ಹೊರಗಿನ ಸ್ಕಾಲರ್‌ಶಿಪ್ ಬಂತೆಂದು ಕೆಲವು ಕಾಲೇಜುಗಳು ತಾವು ಕೊಡುವ ನೆರವನ್ನು ಅಷ್ಟೇ ಕಡಿಮೆ ಮಾಡುತ್ತವೆ. ಈ ಕೈಯಲ್ಲಿ ಕೊಟ್ಟು ಆ ಕೈಯಲ್ಲಿ ಕಿತ್ತುಕೊಂಡ ಹಾಗೆ. "ಕಡಿಮೆ ಮಾಡುವುದಾದರೆ ಮೊದಲು ಸಾಲದ ಭಾಗ ಕಡಿಮೆ ಮಾಡಿ, ಗ್ರಾಂಟನ್ನು ಮುಟ್ಟಬೇಡಿ" ಎಂದು ಕೇಳು. ಕೇಳಿದವರಿಗೆ ಕೆಲವೊಮ್ಮೆ ಆಗುತ್ತದೆ. ಫೀಸು, ಪುಸ್ತಕಕ್ಕೆ ಹೋದ ಹಣಕ್ಕೆ ತೆರಿಗೆಯಿಲ್ಲ. ಊಟ, ಬಾಡಿಗೆಗೆ ಬಳಸಿದರೆ ಅದು ಆದಾಯದ ಲೆಕ್ಕಕ್ಕೆ ಬರುತ್ತದೆ. ರಸೀದಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡು. ನನ್ನ ಹೆಂಡತಿ ಬಳಸುವುದು ಡೇನಿಷ್ ಬಟರ್ ಕುಕೀಸಿನ ಆ ನೀಲಿ ಡಬ್ಬಿ, ನಿಮ್ಮ ಮನೆಯಲ್ಲೂ ಒಂದು ಇರಲೇಬೇಕು.

ಹಣದ ಮಾತು ಇಷ್ಟು. ಈಗ ನಾವು ಇಲ್ಲಿ ಈ ಪಟ್ಟಿಗೆ ಹೇಗೆ ಸೇರಿದೆವು ಎಂಬುದನ್ನು ನೀನು ತಿಳಿದಿರಬೇಕು, ಯಾಕೆಂದರೆ ನಮ್ಮವರು ಅದನ್ನು ಮಕ್ಕಳಿಗೆ ಹೇಳುವುದಿಲ್ಲ.

ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಇದ್ದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ನಾಗರಿಕರಾಗಲು ಅವಕಾಶವಿದ್ದ ಕಾಲ ಅದು. ಥಿಂಡ್ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ಮಂಡಿಸಿದ ವಾದ ಏನು? ಅವರು ಮೇಲ್ಜಾತಿಯವರು, ಆರ್ಯ ರಕ್ತದವರು, ಆದ್ದರಿಂದ ಬಿಳಿಯರೇ ಎಂದು. ನಮ್ಮ ಮೇಲ್ಜಾತಿಯವರು ಕೆಳಗಿನವರನ್ನು ನೋಡುವ ಹಾಗೆಯೇ ಅಮೆರಿಕನ್ನರು ನೀಗ್ರೋಗಳನ್ನು ನೋಡುತ್ತಾರೆ, ಮದುವೆಯ ವಿಷಯದಲ್ಲಿ ಇಬ್ಬರದೂ ಒಂದೇ ನಡೆ ಎಂಬರ್ಥದ ಮಾತೂ ಆ ವಾದದಲ್ಲಿತ್ತು. 1923ರಲ್ಲಿ ಕೋರ್ಟು ಒಪ್ಪಲಿಲ್ಲ. ಆಗಲೇ ನಾಗರಿಕತ್ವ ಪಡೆದಿದ್ದ ಎಷ್ಟೋ ಭಾರತೀಯರು ಅದನ್ನು ಕಳೆದುಕೊಂಡರು. 1946ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು, ವರ್ಷಕ್ಕೆ ನೂರು ಭಾರತೀಯರಿಗೆ. ಪೂರಾ ತೆರೆದದ್ದು 1965ರ ವಲಸೆ ಕಾಯಿದೆಯಿಂದ. ಕಪ್ಪು ಜನ ಪೊಲೀಸರ ನಾಯಿ, ನೀರಿನ ಕೊಳವೆಗಳ ಮುಂದೆ ನಿಂತು 1964ರ ನಾಗರಿಕ ಹಕ್ಕು ಕಾಯಿದೆ ತರಿಸಿದ ಬೆನ್ನಿಗೇ ಬಂದ ಕಾಯಿದೆ ಅದು. ನಿಮ್ಮ ಮಾವ ನಿಮ್ಮಮ್ಮನಿಗೆ ಅರ್ಜಿ ಹಾಕಲು ಸಾಧ್ಯವಾದದ್ದು, ನೀನು ತೊಟ್ಟಿಲಲ್ಲಿದ್ದಾಗ ಹಾಕಿದ ಆ ಅರ್ಜಿ ಈಗ ಫಲಿಸಿದ್ದು, ಎಲ್ಲ ಅದರಡಿಯಲ್ಲೇ.

ಆಮೇಲೆ ಎಪ್ಪತ್ತರ ದಶಕದಲ್ಲಿ ಇಲ್ಲಿದ್ದ ಭಾರತೀಯರ ನಡುವೆಯೇ ಜಗಳ ಬಿತ್ತು. ನಮ್ಮನ್ನೂ ಮೈನಾರಿಟಿ ಎಂದು ಎಣಿಸಿ ಎಂದು ಒಂದು ಗುಂಪು ಸರ್ಕಾರದ ಬಾಗಿಲು ಬಡಿಯಿತು. ಬೇಡ, ನಾವು ಡಾಕ್ಟರು ಇಂಜಿನಿಯರುಗಳು, ಕಷ್ಟಪಟ್ಟವರ ಪಾಲಿಗೆ ಕೈಹಾಕಬಾರದು ಎಂದು ಇನ್ನೊಂದು ಗುಂಪು. ಮೊದಲಿನವರು ಗೆದ್ದರು. 1977ರ ಸರ್ಕಾರಿ ವರ್ಗೀಕರಣದಲ್ಲಿ ನಾವು ಏಷ್ಯಾದವರ ಜೊತೆ ಸೇರಿದೆವು. 1980ರ ಜನಗಣತಿಯಲ್ಲಿ ನಮಗೇ ಒಂದು ಚೌಕ ಬಂತು. ನೀನು ಟಿಕ್ ಮಾಡಿದ ಚೌಕದ ಪೂರ್ವಜ ಅದು. ಅಂದರೆ ನಿನ್ನ ತಳಮಳಕ್ಕೆ ಐವತ್ತು ವರ್ಷದ ವಯಸ್ಸಾಗಿದೆ. ಎರಡನೇ ಗುಂಪಿನವರ ಮಾತಿಗೆ ನಾನು ಇವತ್ತಿಗೂ ತಲೆದೂಗುತ್ತೇನೆ. ಅವರಲ್ಲಿ ಎಷ್ಟು ಜನ ಊರಿನ ಮೀಸಲಾತಿಯನ್ನೂ ಅದೇ ಬಾಯಲ್ಲಿ ಬೈಯುತ್ತಿದ್ದರೋ, ಅದು ಬೇರೆ ಲೆಕ್ಕ.

ಒಂದು ಹೆಮ್ಮೆಯ ಮಾತು ಹೇಳಿಬಿಡುತ್ತೇನೆ, ಸಹಿಸಿಕೋ. ಅಮೆರಿಕದಲ್ಲಿ ಅಧ್ಯಕ್ಷ ಕೆನಡಿಯವರು 'ಅಫರ್ಮೇಟಿವ್ ಆ್ಯಕ್ಷನ್' (ನಮ್ಮ ಮೀಸಲಾತಿಗೆ ಹತ್ತಿರದ ಇಲ್ಲಿನ ಮಾತು) ಎಂಬ ಮಾತಿದ್ದ ಆದೇಶ ಹೊರಡಿಸಿದ್ದು 1961ರಲ್ಲಿ. ನಮ್ಮ ಮೈಸೂರಿನಲ್ಲಿ ನಾಲ್ವಡಿಯವರು ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಸಿಗುವ ದಾರಿ ಹುಡುಕಲು ಮಿಲ್ಲರ್ ಸಮಿತಿ ಕೂರಿಸಿದ್ದು 1918ರಲ್ಲಿ. ಕೊಲ್ಹಾಪುರದ ಶಾಹು ಮಹಾರಾಜರು ಹಿಂದುಳಿದವರಿಗೆ ಅರ್ಧ ನೌಕರಿ ಎಂದದ್ದು 1902ರಲ್ಲಿ. ಇಲ್ಲಿನವರು ಈ ವಿಷಯ ತಾವೇ ಕಂಡುಹಿಡಿದವರಂತೆ ಮಾತಾಡುವಾಗ ನನಗೆ ನಗು ಬರುತ್ತದೆ. ನೀನು ಮೈಸೂರಿನವಳು, ನಿನಗೂ ಬರಬೇಕು.

ಈಗ ನನ್ನ ಕತೆ. 1999ರ ಆಗಸ್ಟಿನಲ್ಲಿ ಎಂಎಸ್‌ಗೆ ಬಂದೆ. ನನ್ನ ಜೊತೆ ರೂಮಿನಲ್ಲಿದ್ದವನು ಬೆಂಗಳೂರಿನ ಹುಡುಗ, ಒಳ್ಳೆಯವನು. ಅದನ್ನು ಮೊದಲೇ ಹೇಳಿಬಿಡಬೇಕು. ಮೊದಲ ಹಿಮದಲ್ಲಿ ನಾನು ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಾಗ ಮಧ್ಯರಾತ್ರಿ ಯಾರದೋ ಕಾರು ಬೇಡಿ ತಂದು ಎಮರ್ಜೆನ್ಸಿಗೆ ಕರೆದೊಯ್ದವನು ಅವನೇ. ಪ್ಲಾಸ್ಟರು ಬಿಚ್ಚುವವರೆಗೆ ನನ್ನ ಪಾಲಿನ ಪಾತ್ರೆಯನ್ನೂ ತೊಳೆದ. ಸಾರಿಗೆ ಒಗ್ಗರಣೆ ಹಾಕುವಾಗ ಇಂಗು ಸ್ವಲ್ಪ ಹೆಚ್ಚೇ ಹಾಕುತ್ತಿದ್ದ. ನನಗೆ ಮೊದಲು ಆಗುತ್ತಿರಲಿಲ್ಲ, ಈಗ ಹಾಗೇ ಬೇಕು.

ಎರಡನೇ ವರ್ಷ ನಮ್ಮಿಬ್ಬರಿಗೂ ಒಂದು ಸ್ಕಾಲರ್‌ಶಿಪ್ ಬಂತು. ಊರಿನ ಕಪ್ಪು ಜನರ ಒಂದು ಚಿಕ್ಕ ಸಂಘ, ಕಾರು ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು, ತಮ್ಮ ಕಿಸೆಯಿಂದ ಹಾಕಿ ನಡೆಸುತ್ತಿದ್ದದ್ದು. ಇಂಜಿನಿಯರಿಂಗ್ ಓದುವ, ಬಿಳಿಯರಲ್ಲದ ಯಾರಾದರೂ ಅರ್ಜಿ ಹಾಕಬಹುದಿತ್ತು, ವಿದೇಶಿಯರೂ ಸಹ. ತಲೆಗೆ ಸಾವಿರ ಡಾಲರು. ಆಗ ನಮಗದು ಎಷ್ಟು ದೊಡ್ಡ ಮೊತ್ತ ಎಂದರೆ ಲಕೋಟೆ ಬಿಚ್ಚಿ ಇಬ್ಬರೂ ಅಡುಗೆಮನೆಯಲ್ಲಿ ಕುಣಿದೆವು. ಅವನಿಗೆ ಯಾವ ಅಳುಕೂ ಇರಲಿಲ್ಲ. "ಫಾರ್ಮ್ ನೋಡು ಮಗಾ, ಇಲ್ಲಿ ನಾವೇ ಎಸ್ಸಿ ಎಸ್ಟಿ" ಎಂದು ಜೋಕು ಮಾಡಿದ. ನಾನೂ ನಕ್ಕೆ.

ಚೆಕ್ ಕೊಟ್ಟದ್ದು ಒಂದು ಚರ್ಚಿನ ನೆಲಮಾಳಿಗೆಯಲ್ಲಿ, ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ. ಮಡಚುವ ಮೇಜುಗಳು, ಕಾಗದದ ತಟ್ಟೆ, ಹುರಿದ ಕೋಳಿ, ಹುರುಳಿಕಾಯಿ ಪಲ್ಯ. ಆ ಪಲ್ಯದಲ್ಲೂ ಮಾಂಸದ ಚೂರುಗಳಿದ್ದವು. ನನ್ನ ರೂಮ್‌ಮೇಟ್ ಫೋರ್ಕಿನ ತುದಿಯಿಂದ ಒಂದೊಂದೇ ಚೂರನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದುದನ್ನು ಎದುರು ಕೂತಿದ್ದ ಮುದುಕರೊಬ್ಬರು ನೋಡಿದರು. ಏನೂ ಅನ್ನದೆ ಎದ್ದುಹೋಗಿ ಜೋಳದ ಬ್ರೆಡ್ಡು, ಬೆಣ್ಣೆ ತಂದು ಅವನ ಮುಂದಿಟ್ಟರು. ಕಂದು ಸೂಟು, ಬಲಗೈಯ ಒಂದು ಬೆರಳಿಗೆ ತುದಿಯಿರಲಿಲ್ಲ. ಪ್ರೆಸ್ಸಿಗೆ ಸಿಕ್ಕಿದ್ದು ಎಂದರು. ಮಗ್ಗದೂರಿನವನಾದ ನನಗೆ ಯಂತ್ರಕ್ಕೆ ಸಿಕ್ಕ ಬೆರಳು ಹೊಸದಲ್ಲ.

ಅವರು ಬೆಳೆದದ್ದು ಡೆಟ್ರಾಯಿಟಿನ ಏಯ್ಟ್ ಮೈಲ್ ರಸ್ತೆಯ ಹತ್ತಿರ, ಗೋಡೆಯ ಪಕ್ಕದಲ್ಲಿ. ಆ ಗೋಡೆ ಇವತ್ತಿಗೂ ಇದೆ, ನೋಡಬೇಕಾದ ಜಾಗ. 1941ರಲ್ಲಿ ಒಬ್ಬ ಬಿಲ್ಡರ್ ಬಿಳಿಯರಿಗಾಗಿ ಮನೆ ಕಟ್ಟಲು ಹೊರಟಾಗ, ಪಕ್ಕದಲ್ಲಿ ಕಪ್ಪು ಜನರ ಕೇರಿ ಇದೆ, ಸಾಲಕ್ಕೆ ನಾವು ಜಾಮೀನು ನಿಲ್ಲುವುದಿಲ್ಲ ಎಂದಿತು ಸರ್ಕಾರದ ಗೃಹಸಾಲ ಇಲಾಖೆ. ಅವನು ನಡುವೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟು ಗೋಡೆ ಎಬ್ಬಿಸಿದ. ಜಾಮೀನು ಸಿಕ್ಕಿತು. ಗೋಡೆ ಎದ್ದಾಗ ಈ ಮುದುಕರು ಹುಡುಗ. ಹಿತ್ತಲಲ್ಲಿ ಆಡುತ್ತಿದ್ದ ಚೆಂಡು ಆಚೆ ಬಿದ್ದರೆ ಹೋಯಿತು, ತರಲು ಯಾರೂ ಹೋಗುತ್ತಿರಲಿಲ್ಲವಂತೆ. ಈಗ ಅದರ ಮೇಲೆ ಬಣ್ಣದ ಚಿತ್ರ ಬರೆದಿದ್ದಾರೆ. ನಿಮ್ಮ ಮಾವನಿಗೆ ಒಂದು ಶನಿವಾರ ಕರೆದೊಯ್ಯಲು ಹೇಳು. ಇಷ್ಟು ವರ್ಷ ಇಲ್ಲಿದ್ದೂ ಅವರು ನೋಡಿರಲಿಕ್ಕಿಲ್ಲ.

ಇದನ್ನೆಲ್ಲ ಹೇಳಿ ಮುದುಕರು ಚೆಕ್ಕಿನ ಲಕೋಟೆ ನಮ್ಮ ಕೈಗಿಟ್ಟರು. ಇಬ್ಬರ ಹೆಸರಿನ ಸ್ಪೆಲಿಂಗೂ ತಪ್ಪಾಗಿತ್ತು. ಆಮೇಲೆ ಕೇಳಿದರು: "ನಿಮ್ಮ ದೇಶದಲ್ಲೂ ಹೀಗೆ ಗೋಡೆ ಇದೆಯೆಂದು ಓದಿದ್ದೇನೆ. ನೀವು ಅದರ ಯಾವ ಕಡೆಯವರು?"

ಬಹಳ ಸಾದಾ ದನಿಯಲ್ಲಿ, ಊರು ಯಾವುದು ಎಂದು ಕೇಳುವ ಹಾಗೆ ಕೇಳಿದರು. ರೂಮ್‌ಮೇಟ್, ಈಗ ಅದೆಲ್ಲ ಇಲ್ಲ ಸರ್, ಹಳ್ಳಿಗಳಲ್ಲಿ ಸ್ವಲ್ಪ ಇರಬಹುದು ಎಂದ. ಮುದುಕರು ತಲೆಯಾಡಿಸಿ ನನ್ನ ಕಡೆ ತಿರುಗಿದರು. ನಾನು ಇದ್ದದ್ದು ಹೇಳಿದೆ. ನಾವು ನೇಯುವವರು, ನಮಗಿಂತ ಕೆಳಗೆ ತಳ್ಳಿಸಿಕೊಂಡವರು ಇದ್ದಾರೆ, ಅವರ ಕಷ್ಟ ನಮ್ಮದಲ್ಲ. ಆದರೆ ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಕಾಲೇಜು ಕಂಡವರಿಲ್ಲ, ಸರ್ಕಾರ ನಮ್ಮಂಥವರಿಗೆ ಎತ್ತಿಟ್ಟ ಸೀಟಿನಲ್ಲಿ ಓದಿಯೇ ಇಲ್ಲಿಗೆ ಬಂದಿದ್ದೇನೆ ಎಂದೆ. ಅವರು ಖುಷಿಪಟ್ಟರು. ಮೇಜಿನ ಆ ತುದಿಯಲ್ಲಿದ್ದ ಹೆಂಡತಿಯನ್ನು ಕರೆದು, ಇವನು ನೋಡು, ಅಲ್ಲೂ ಹೀಗೇ ಓದಿದವನಂತೆ ಎಂದು ತೋರಿಸಿದರು. ಆಕೆ ನನಗೆ ಇನ್ನೊಂದು ತುಂಡು ಸಿಹಿಗೆಣಸಿನ ಕಡುಬು ಕಟ್ಟಿಕೊಟ್ಟರು.

ವಾಪಸು ಬರುವಾಗ ಕಾರಿನಲ್ಲಿ ಮಾತಿಲ್ಲ. ರೂಮಿಗೆ ಬಂದು ಶೂ ಬಿಚ್ಚುತ್ತಾ ಅವನು ಕೇಳಿದ: "ಮಗಾ, ಸಿಇಟಿಯಲ್ಲಿ ನಿನ್ ರ‍್ಯಾಂಕ್ ಎಷ್ಟಿತ್ತು?"

ಒಂದೂಕಾಲು ವರ್ಷ ಒಂದೇ ಕುಕ್ಕರಿನಲ್ಲಿ ಅನ್ನ ಉಂಡಿದ್ದೆವು. ಕ್ಲಾಸಿನಲ್ಲಿ ನನಗೆ ಎಷ್ಟು ಬರುತ್ತದೆ, ಅವನಿಗೆ ಎಷ್ಟು ಬರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಕಂಟ್ರೋಲ್ ಸಿಸ್ಟಮ್ಸ್ ಪೇಪರಿಗೆ ಅವನು ಓದಿದ್ದು ನನ್ನ ನೋಟ್ಸಿನಲ್ಲಿ. ಅವನು ಇಂಜಿನಿಯರಿಂಗ್ ಸೇರಿದ್ದು ಪೇಮೆಂಟ್ ಸೀಟಿನಲ್ಲಿ, ಅದೂ ಇಬ್ಬರಿಗೂ ಗೊತ್ತಿತ್ತು, ಅದರ ಮಾತು ಯಾವತ್ತೂ ಬಂದಿರಲಿಲ್ಲ. ದುಡ್ಡು ಕೊಟ್ಟು ಕೂತವನ ರ‍್ಯಾಂಕನ್ನು ಯಾರೂ ಕೇಳುವುದಿಲ್ಲ. ಅವನ ಕಿಸೆಯಲ್ಲೂ ಅದೇ ಸಾವಿರ ಡಾಲರಿನ ಚೆಕ್ ಇತ್ತು, ಅದೇ ಕೈಯಿಂದ ಬಂದದ್ದು. ನಾನು ರ‍್ಯಾಂಕ್ ಹೇಳಿದೆ. ಅವನು "ಓ" ಎಂದ. ಜಗಳವೇನೂ ಆಗಲಿಲ್ಲ. ಆದರೆ ಆಮೇಲೆ ನಾನು ಏನು ಬಿಡಿಸಿದರೂ ಅವನು ಇನ್ನೊಬ್ಬರ ಹತ್ತಿರ ಸರಿಯಿದೆಯಾ ಎಂದು ಕೇಳಿಕೊಳ್ಳುವುದು ಶುರುವಾಯಿತು. ಮುಂದಿನ ಸೆಮಿಸ್ಟರಿಗೆ ಬೇರೆ ಮನೆ ಹಿಡಿದ, ಕುಕ್ಕರು ನನಗೇ ಬಿಟ್ಟುಹೋದ. ನಮ್ಮ ಕನ್ನಡ ಗುಂಪಿನಲ್ಲಿ ವಿಷಯ ಹೇಗೆ ಹಬ್ಬಿತೋ, ಯುಗಾದಿಗೆ ಹೋದಾಗ ಎರಡು ಮನೆಯವರು "ನೀವು ಯಾವ ಪೈಕಿ" ಎಂದು ಹೊಸದಾಗಿ ವಿಚಾರಿಸಿದರು.

ಈಗ ಅವನು ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ನನ್ನಪ್ಪ ತೀರಿಕೊಂಡಾಗ ಎರಡು ಸಾಲಿನ ಮೆಸೇಜು ಕಳಿಸಿದ್ದ. ಆ ಸ್ನೇಹ ಹೋದದ್ದು ಇವತ್ತಿಗೂ ನನ್ನನ್ನು ಕಾಡುತ್ತದೆ. ಹೊಸ ದೇಶದಲ್ಲಿ ಮೊದಲ ವರ್ಷ ಸಿಕ್ಕವರಂಥ ಗೆಳೆಯರು ಆಮೇಲೆ ಸಿಗುವುದಿಲ್ಲ. ಹಾಗೆಂದು ಅವತ್ತು ಆ ಮುದುಕರಿಗೆ ಬೇರೆ ಏನಾದರೂ ಹೇಳಬೇಕಿತ್ತೇ ಎಂದರೆ, ಇಲ್ಲ.

ಇದನ್ನು ಯಾಕೆ ಇಷ್ಟು ಎಳೆದೆ ಎಂದರೆ, ಇಲ್ಲಿ ನಮ್ಮವರಿಗೆ ಅಮೆರಿಕದ ಪಟ್ಟಿಯಲ್ಲಿ ಮೈನಾರಿಟಿ ಎನಿಸಿಕೊಳ್ಳುವುದು ಕಷ್ಟವೇ ಆಗುವುದಿಲ್ಲ, ಊರಿನ ಪಟ್ಟಿಯಲ್ಲಿ ಪಕ್ಕದವನು ಎಲ್ಲಿದ್ದ ಎಂಬುದು ಮಾತ್ರ ನಿದ್ದೆ ಕೆಡಿಸುತ್ತದೆ. 2023ರ ತೀರ್ಪು ಬಂದ ವಾರ ಒಂದು ಮನೆಯಲ್ಲಿ ಪಾಟ್‌ಲಕ್ ಇತ್ತು. ಇನ್ನು ನಮ್ಮ ಮಕ್ಕಳ ದಾರಿ ಸುಗಮ ಎಂದು ಹೋಳಿಗೆ ಹಂಚಿದರು. ಹಂಚಿದ ಮನೆಯ ಮಗಳು ಆ ಬೇಸಿಗೆಯಲ್ಲಿ ಮೈನಾರಿಟಿ ಇಂಟರ್ನ್‌ಶಿಪ್ ಮಾಡುತ್ತಿದ್ದಳು. ನಾನೂ ಹೋಳಿಗೆ ತಿಂದೆ, ಚೆನ್ನಾಗಿತ್ತು.

ಹಾಗಾಗಿ ನಿನಗೆ ನನ್ನ ಉತ್ತರ: ತಗೋ. ಅರ್ಹತೆಯ ಪಟ್ಟಿಯಲ್ಲಿ ಏಷ್ಯಾ ಎಂದು ಅವರೇ ಬರೆದಿದ್ದಾರೆ, ನೀನು ಸುಳ್ಳು ಹೇಳಿ ನುಗ್ಗಿಲ್ಲ. ನಿಮ್ಮಪ್ಪ ಮೈಸೂರಿನ ಬ್ಯಾಂಕಿನ ಕೆಲಸ ಬಿಟ್ಟು ಬಂದು ಇಲ್ಲಿ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾರೆ. ನಿಮಗೆ ಆ ಹಣ ಬೇಕು. ಇಬ್ಬರೂ ಐಟಿಯಲ್ಲಿದ್ದು ದೊಡ್ಡ ಮನೆಯಲ್ಲಿ ಕೂತು ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಮುಖದ ಮೇಲೇ ಹೇಳುತ್ತಿದ್ದೆ.

ಆದರೆ ಪ್ರಬಂಧದಲ್ಲಿ ಇಲ್ಲದ ಗಾಯ ತೋರಿಸಬೇಡ. ನೀನೇ ಬರೆದಿದ್ದೀಯ, ಬಂದು ವರ್ಷವೂ ಆಗಿಲ್ಲ, ಯಾರೂ ನನಗೆ ಏನೂ ಅಂದಿಲ್ಲ, ಏನು ಬರೆಯಲಿ ಎಂದು. ಇಂಟರ್ನೆಟ್ಟಿನಲ್ಲಿ ಮಾದರಿಗಳು ಸಿಗುತ್ತವೆ: ಡಬ್ಬಿಯಲ್ಲಿ ತಂದ ಸಾರಿನ ವಾಸನೆಗೆ ಮಕ್ಕಳು ಮೂಗು ಮುಚ್ಚಿಕೊಂಡರು, ಹೆಸರು ಸರಿಯಾಗಿ ಕರೆಯಲಿಲ್ಲ, ಇಂಥವು. ಆದವರಿಗೆ ಅದು ನಿಜ. ನಿನಗೆ ಆಗಿಲ್ಲ. ಆ ಪಟ್ಟಿಯಲ್ಲಿ ನಿನ್ನ ಪಕ್ಕ ಕೂತ ಹುಡುಗಿಯ ಅಜ್ಜ ಗೋಡೆಯ ಆ ಮಗ್ಗುಲಲ್ಲಿ ಬೆಳೆದಿರಬಹುದು. ಅವಳ ಕಷ್ಟವನ್ನು ನಿನ್ನ ಬಾಯಲ್ಲಿ ಹೇಳಬೇಡ. ಪತ್ರದಲ್ಲಿ ನನಗೆ ಬರೆದದ್ದನ್ನೇ ಬರೆ. ನಮ್ಮ ಮನೆಯಲ್ಲಿ ಒಂದು ವರ್ಷ ಪ್ರತಿ ಊಟಕ್ಕೂ ಮೀಸಲಾತಿ ಬೈದೆವು, ಸಮುದ್ರ ದಾಟಿದ ಮೇಲೆ ಪಟ್ಟಿಯಲ್ಲಿ ನಮ್ಮ ಜಾಗ ಬದಲಾಯಿತು, ಇದು ನನಗೆ ಕಸಿವಿಸಿ ಮಾಡಿದೆ ಎಂದು. ಓದಿ ಅವರು ಏನಂದುಕೊಳ್ಳುತ್ತಾರೋ ಎಂಬ ಹೆದರಿಕೆ ಸಹಜ. ಇಂಥದ್ದನ್ನು ಬರೆದವರಿಗೆ ಕೊಟ್ಟದ್ದನ್ನು ವಾಪಸು ಕೇಳುವಷ್ಟು ಸಣ್ಣವರು ಆ ಥರದ ಟ್ರಸ್ಟುಗಳಲ್ಲಿ ನನಗೆ ಸಿಕ್ಕಿಲ್ಲ.

ಟ್ರಸ್ಟಿನವರು ಊಟಕ್ಕೋ 'ಥ್ಯಾಂಕ್ಯೂ' ಸಭೆಗೋ ಕರೆದರೆ ಹೋಗು, ಪರೀಕ್ಷೆ ಇದೆ ಎಂದು ತಪ್ಪಿಸಿಕೊಳ್ಳಬೇಡ. ಫೋಟೋ ಬಳಸಲು ಒಪ್ಪಿಗೆ ಕೇಳುವ ಕಾಗದ ಬೇರೆ ಇರುತ್ತದೆ. ಅದಕ್ಕೆ ಸಹಿ ಮಾಡಲೇಬೇಕೆಂದೇನಿಲ್ಲ, ಓದಿ ನೋಡು.

ಅಮ್ಮನ ಮಾತಿಗೆ ಬಂದರೆ, ಅವರ ಭಯ ನನಗೆ ಗೊತ್ತು, ಅದರ ರುಚಿ ನೋಡಿದ್ದೇನೆ. ಆದರೂ ಮುಚ್ಚಿಡಬೇಡ. ಯಾರಾದರೂ ಕೇಳಿದರೆ ಹೇಳು, ಕೇಳದಿದ್ದರೆ ಡಂಗುರ ಬೇಡ. ಕಾಲೇಜಿನಲ್ಲಿ ಯಾವನಾದರೂ ಕೋಟಾ ಎಂದರೆ ಹೌದು ಎಂದು ಮುಂದೆ ಹೋಗು. ನಾಳೆ ನಮ್ಮವರ ಪಾಟ್‌ಲಕ್ಕಿನಲ್ಲಿ ಊರಿನ 2ಎ, ಎಸ್ಸಿ ಹುಡುಗರ ಬಗ್ಗೆ ಅದೇ ಹಳೆಯ ಮಾತು ಎದ್ದಾಗ ನೀನು ಏನನ್ನುತ್ತೀಯ ಎಂಬುದನ್ನು ನಾನು ಹೇಳಿಕೊಡುವುದಿಲ್ಲ. ಆಗ ಆ ನಾಲ್ಕು ಸಾವಿರದ ವಿಷಯ ನೀನೇ ಎತ್ತಿದರೆ ನನಗೆ ಖುಷಿಯಾಗುತ್ತದೆ, ಅಷ್ಟೇ.

ಅಣ್ಣನಿಗೆ ಮಾತ್ರ ನೀನೇ ಫೋನ್ ಮಾಡಿ ಹೇಳು, ಮಾವನ ಮನೆಯಿಂದ ಸುದ್ದಿ ಹೋಗುವ ಮುಂಚೆ. ಸಿಟ್ಟಾಗಬಹುದು, ನಗಬಹುದು. ಸೀಟು ಸಿಗದೇ ಹೋದವನ ನೋವು ಸುಳ್ಳೆಂದು ನಾನು ಯಾವತ್ತೂ ಅಂದಿಲ್ಲ. ಆ ಸೀಟಿನಲ್ಲಿ ಕೂತ ಹುಡುಗನ ಅಪ್ಪ ಏನು ಮಾಡುತ್ತಾನೆ ಎಂದು ನಿಮ್ಮ ಊಟದ ಮಾತಿನಲ್ಲಿ ಒಮ್ಮೆಯಾದರೂ ಬಂದಿತ್ತೇ ಎಂದಷ್ಟೇ ನನ್ನ ಕುತೂಹಲ. ಅಂದ ಹಾಗೆ, ಅವನು ಈಗ ಏನು ಓದುತ್ತಿದ್ದಾನೆಂದು ನೀನು ಬರೆಯಲೇ ಇಲ್ಲ.

ಒಪ್ಪಿಗೆಪತ್ರ ಈ ತಿಂಗಳು 15ರೊಳಗೆ ತಲುಪಬೇಕು ಎಂದಿದ್ದೀಯ. ಅಂಚೆಯಲ್ಲಿ ಕಳಿಸುವುದಾದರೆ ಹತ್ತನೇ ತಾರೀಖಿಗೇ ಹಾಕು, ಟ್ರ್ಯಾಕಿಂಗ್ ನಂಬರು ತಗೋ, ಸಹಿ ಮಾಡಿದ್ದರ ಒಂದು ಪ್ರತಿ ಡಬ್ಬಿಯಲ್ಲಿ ಇಟ್ಟುಕೋ.

ನಿನ್ನ ಕಾಕಾ